ಒಂದು ಸೆಕೆಂಡಿನ ನಯ

ಮೊದಲ ಏಟು ಫೋನಿಗೆ ಬಿತ್ತು, ಎರಡನೆಯದು ಅವಳ ಕಿವಿಗೆ. ಮಧ್ಯಾಹ್ನದ ಊಟಕ್ಕೆ ಬಂದ ಗಂಡ ಇನ್ನೂ ಕೈ ಕೂಡ ತೊಳೆದಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಅವನ ಹೆಜ್ಜೆ ಸದ್ದು ಕೇಳಿದ ಕೂಡಲೇ ಫೋನಿನ ಮೂಲೆಯ ಕೆಂಪು ಗುಂಡಿ ಒತ್ತಿದ್ದಳು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗಾಗಿ ಇದ್ದ ಸಹಾಯವಾಣಿಯ ಪುಟ ಅದು. ಗುಂಡಿ ಒತ್ತಿದರೆ ಪುಟ ಮಾಯವಾಗಿ ಆ ದಿನದ ಹವಾಮಾನ ಬರಬೇಕು. ಯಾರು ಇಣುಕಿದರೂ ಬಿಸಿಲು, ಮೋಡ, ಅಷ್ಟೇ. ಬಂದದ್ದೂ ನಿಜ, ಆದರೆ ತಟ್ಟನೆ ಬರಲಿಲ್ಲ. ‘ನಿಮ್ಮ ಮೇಲೆ ಕೈ ಮಾಡುತ್ತಿದ್ದಾರೆಯೇ?’ ಎಂಬ ದಪ್ಪ ಅಕ್ಷರಗಳು ಮೆಲ್ಲಗೆ ಮಸುಕಾದವು, ಅವುಗಳ ಒಳಗಿಂದ ಸೂರ್ಯನ ಚಿತ್ರ ಮೆಲ್ಲಗೆ ಮೂಡಿತು. ಅಷ್ಟರಲ್ಲಿ ಗಂಡ ಹೆಗಲ ಹಿಂದೆ ನಿಂತು ಎಲ್ಲ ಓದಿಯಾಗಿತ್ತು.

ಅವನು ಔಷಧಿ ಅಂಗಡಿಯವನು. ಗಿರಾಕಿಗಳ ಹತ್ತಿರ ಬೆಣ್ಣೆಯಂಥ ಮಾತು. ಮಾತ್ರೆಯನ್ನು ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದು ಎರಡೆರಡು ಸಲ ಹೇಳಿ ಕಳಿಸುವ ಮನುಷ್ಯ. ಯಾರ ಹತ್ತಿರ ಏನೇನು ಹೇಳಿಕೊಂಡೆ ಎಂದು ಕೇಳಿದ. ಅವಳ ಬಲಗೈಯನ್ನು ಯಂತ್ರದ ಹಲಗೆಯ ಮೇಲೆ ಒತ್ತಿ ಹಿಡಿದು, ಮರದ ಮುಚ್ಚಳವನ್ನು ಅದರ ಮೇಲೆ ಅಪ್ಪಳಿಸಿದ. ಮೂರು ಸಲ. ಮೂರನೆಯ ಸಲಕ್ಕೆ ಅವಳ ಕೂಗು ನಿಂತುಹೋಗಿತ್ತು. ಆಮೇಲೆ ಕೈ ತೊಳೆದು, ತಾನೇ ಬಡಿಸಿಕೊಂಡು ಉಂಡು ಅಂಗಡಿಗೆ ಹೋದ. ಆ ಹೊಸ ಫೋನನ್ನು ಕೊಡಿಸಿದ್ದೂ ಅವನೇ, ಹೋದ ತಿಂಗಳು ಹೊಡೆದದ್ದಕ್ಕೆ ಸಮಾಧಾನ ಮಾಡಲು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ತಮ್ಮ, ಬಡಗಿ, ಒಡೆದ ಆ ಫೋನನ್ನು ಜೇಬಿನಲ್ಲಿಟ್ಟುಕೊಂಡು ಮೂರನೇ ಮಹಡಿಯ ಕಚೇರಿಯೊಂದಕ್ಕೆ ಬಂದ. ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಆ ಕಚೇರಿಯ ಹೆಸರಿತ್ತು. ಈ ಪುಟ ಮಾಡಿದವರು ಯಾರು ಎಂದು ಕೇಳಿದ. ಯಾರೋ ಮೆಚ್ಚುಗೆ ಹೇಳಲು ಬಂದಿದ್ದಾರೆಂದುಕೊಂಡು ಎಲ್ಲರೂ ಇಸ್ತ್ರಿಯ ಕಡೆ ಕೈ ತೋರಿಸಿದರು.

ಇಸ್ತ್ರಿ ಎಂಬುದು ಅಲ್ಲಿ ಪುಟ ಕಟ್ಟುವವನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು. ಪುಟದಲ್ಲಿ ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಅವನಿಗೆ ಅನ್ನ ಇಳಿಯದು. ಯಾವ ಪುಟವೂ ದಡಕ್ಕನೆ ಬದಲಾಗಬಾರದು, ಒಂದರೊಳಗಿಂದ ಇನ್ನೊಂದು ಜಾರಿ ಬರಬೇಕು ಎಂಬುದು ಅವನ ಹುಚ್ಚು. ಮೊದಲೆಲ್ಲ ಅದಕ್ಕೆ ರಾಶಿ ಕೋಡ್ ಬರೆಯಬೇಕಿತ್ತು. ಈಗ ಒಂದೊಂದೇ ಬ್ರೌಸರ್ ಅದನ್ನು ತಾನೇ ಕಲಿತುಕೊಳ್ಳುತ್ತಿತ್ತು. ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್ಎಸ್‌ ಭಾಷೆಯಲ್ಲಿ ಎರಡು ಸಾಲು ಬರೆದರೆ ಸಾಕು. ಹದಿನೈದು ದಿನದ ಹಿಂದೆ ಇಸ್ತ್ರಿ ಆ ಸಾಲುಗಳನ್ನು ಸಹಾಯವಾಣಿಯ ಎಲ್ಲ ಪುಟಗಳಿಗೂ ಹಾಕಿ, ಕರಗುವ ಹೊತ್ತನ್ನು ಒಂದು ಸೆಕೆಂಡಿಗೆ ಇಟ್ಟಿದ್ದ. ನೊಂದು ಬಂದವರ ಕಣ್ಣಿಗೆ ಹಿತವಾಗಿರಲಿ ಎಂದು. ನಿಜವಾಗಿ ಹಾಗೆಂದೇ ಹಾಕಿದ್ದ, ಪಾಪ.

ಬಡಗಿ ಆ ಪುಟವನ್ನು ತೆರೆದು ಫೋನನ್ನು ಮೇಜಿನ ಮೇಲಿಟ್ಟ.

"ಒತ್ತು," ಅಂದ.

ಇಸ್ತ್ರಿ ಒತ್ತಿದ. ಬಿರುಕು ಬಿಟ್ಟ ಗಾಜಿನ ಕೆಳಗೆ ಅಕ್ಷರಗಳು ಕರಗಿದವು, ಸೂರ್ಯ ಮೂಡಿದ. ಚೆನ್ನಾಗಿಯೇ ಮೂಡಿದ. ಬಡಗಿ ಪುಟವನ್ನು ಮತ್ತೆ ತೆರೆದು ಇನ್ನೊಂದು ಸಲ ಒತ್ತಿಸಿದ, ಮತ್ತೊಂದು ಸಲ ಒತ್ತಿಸಿದ. ನಾಲ್ಕನೆಯ ಸಲ ಅವನ ತಲೆಗೂದಲು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. ಮೂಗು ಲಟಕ್ಕೆಂದದ್ದು ಕೋಣೆಯ ಆ ತುದಿಗೂ ಕೇಳಿಸಿತು. ಬಿಡಿಸಲು ಬಂದ ಕಚೇರಿಯ ಯಜಮಾನನ ಎದೆಗೆ ಮೊಣಕೈಯಿಂದ ತಿವಿದ. ಆತ ಕುರ್ಚಿಯ ಸಮೇತ ಉರುಳಿದ.

"ನಮ್ಮಕ್ಕಂದು ನಾಲ್ಕು ಬೆರಳು ಮುರಿದಿದೆ. ಹೊಲಿಯೋ ಕೈ ಅದು. ಒತ್ತಿದೆ ಕಣೋ, ಹೋಗಲಿಲ್ಲ ಅಂತಾಳೆ. ರಾತ್ರಿಯಿಂದ ಅದೊಂದೇ ಮಾತು."

ಇಸ್ತ್ರಿ ಹೊಡೆತ ತಪ್ಪಿಸಿಕೊಳ್ಳಲು ಕೈ ಎತ್ತಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿದ್ದಂತೆಯೇ ಮೂಗು ಕಟ್ಟಿದ ದನಿಯಲ್ಲಿ ನಡೆದದ್ದನ್ನು ಹೇಳಿದ. ಗುಂಡಿಯನ್ನು ಪರೀಕ್ಷೆ ಮಾಡಿಯೇ ಇದ್ದ. ಬಡವರ ಕೈಯಲ್ಲಿ ಹಳೆಯ ಫೋನಿರುತ್ತದೆಂದು ಕಚೇರಿಯಲ್ಲಿದ್ದ ಅತಿ ಹಳೆಯ ಫೋನಿನಲ್ಲೇ ಒತ್ತಿ ನೋಡಿದ್ದ. ಆ ಫೋನಿಗೆ ಈ ಹೊಸ ವಿದ್ಯೆ ಗೊತ್ತಿಲ್ಲ. ಪುಟ ಕಣ್ಣು ಮಿಟುಕಿಸುವುದರಲ್ಲಿ ಬದಲಾಗಿತ್ತು. ಇದರಲ್ಲೇ ಇಷ್ಟು ಬೇಗ ಆದರೆ ಹೊಸದರಲ್ಲಿ ಕೇಳಬೇಕೇ ಎಂದುಕೊಂಡು ಕೈ ಬಿಟ್ಟಿದ್ದ. ಹಳೆಯದರಲ್ಲಿ ಕೆಟ್ಟೀತೆಂದು ಹೆದರುವುದೇ ಪುಟ ಕಟ್ಟುವವರ ಕಸುಬು. ಹೊಸದಕ್ಕೆ ಹೆದರುವುದು ಅವನಿಗೆ ಹೊಳೆದಿರಲಿಲ್ಲ.

ಬಡಗಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇನ್ನೊಂದು ಬಾರಿಸಿದ. ಇಸ್ತ್ರಿಯ ತುಟಿ ಒಡೆಯಿತು.

"ಹೊಡೀರಿ ಅಣ್ಣ, ಆಮೇಲೆ ಹೊಡೀರಿ," ಅಂದ ಇಸ್ತ್ರಿ. "ಮೊದ್ಲು ಇದನ್ನ ತೆಗೀಬೇಕು. ಈಗ್ಲೂ ಯಾರೋ ಒತ್ತುತಾ ಇರ್ತಾರೆ."

ಬಡಗಿಯ ಕೈ ಗಾಳಿಯಲ್ಲೇ ನಿಂತಿತು. ಇಸ್ತ್ರಿ ಕೀಲಿಮಣೆ ಎಳೆದುಕೊಂಡ. ನೆಲದಿಂದ ಎದ್ದ ಯಜಮಾನ, ಸಹಾಯವಾಣಿಯವರ ಒಪ್ಪಿಗೆ ಪತ್ರವಿಲ್ಲದೆ ಒಂದು ಅಕ್ಷರವೂ ಬದಲಾಗಕೂಡದು, ಬದಲಾಯಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಅವನ ಕೈ ಹಿಡಿದ. ಎಂಟು ವರ್ಷ ತಲೆ ತಗ್ಗಿಸಿ ದುಡಿದ ಇಸ್ತ್ರಿ ಆ ಕೈಯನ್ನು ಹಿಂದಕ್ಕೆ ತಿರುಚಿದ. ಯಜಮಾನ ಅರಚಿದ. ಬಡಗಿ ಆತನನ್ನು ಗೋಡೆಗೆ ಒತ್ತಿ, ಕುತ್ತಿಗೆಗೆ ಮೊಣಕೈ ಕೊಟ್ಟು ನಿಂತ. ಉಳಿದವರು ತಮ್ಮ ತಮ್ಮ ಕುರ್ಚಿಗಳಲ್ಲಿ ಕಲ್ಲಾಗಿದ್ದರು. ನಾಚಿಕೆಗೇಡು, ಆದರೆ ನಾವೂ ಅಲ್ಲಿದ್ದಿದ್ದರೆ ಹಾಗೆಯೇ ಕೂತಿರುತ್ತಿದ್ದೆವೇನೋ.

ಎರಡು ಸಾಲು ಅಳಿಸಲು ಎಷ್ಟು ಹೊತ್ತು ಬೇಕು? ನಾಲ್ಕು ನಿಮಿಷಕ್ಕೆ ತಿದ್ದಿದ ಪುಟ ಜಾಲತಾಣಕ್ಕೆ ಏರಿತು. ಇಸ್ತ್ರಿ ತನ್ನ ಫೋನಿನಲ್ಲಿ ತೆರೆದು ಒತ್ತಿದ. ತಟ್ಟನೆ ಹವಾಮಾನ. ಬಡಗಿ ಯಜಮಾನನನ್ನು ಬಿಟ್ಟು ಬಂದು ತಾನೂ ಒತ್ತಿ ನೋಡಿದ.

"ಆಯ್ತಾ?"

ಇಸ್ತ್ರಿ ಅಂಗಿಯ ತೋಳು ಮೂಗಿಗೆ ಒತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದ. ಬಡಗಿ ಮತ್ತೆ ಕೇಳಿದ.

"ಇನ್ಮೇಲೆ ತೆರೆಯೋರಿಗೆ ಆಯ್ತು," ಅಂದ ಇಸ್ತ್ರಿ. "ಈಗಾಗ್ಲೇ ತೆರೆದಿಟ್ಕೊಂಡು ಓದ್ತಾ ಇರೋರ ಫೋನಲ್ಲಿ ಹಳೇದೇ ಇರುತ್ತೆ. ನೆಟ್‌ವರ್ಕ್ ಇಲ್ದೇ ಇದ್ರೂ ಗುಂಡಿ ಕೆಲಸ ಮಾಡ್ಲಿ ಅಂತ ಹವಾಮಾನದ ಪುಟಾನೂ ಮೊದ್ಲೇ ಅವರ ಫೋನಿಗೆ ಇಳಿಸಿಟ್ಟಿದ್ದೀನಿ. ಅದನ್ನ ಇಲ್ಲಿಂದ ವಾಪಸ್ ತಗೊಳ್ಳೋಕಾಗಲ್ಲ."

"ಎಷ್ಟು ಜನ?"

ಇಸ್ತ್ರಿ ಪರದೆಯ ಮೂಲೆಯತ್ತ ಬೆರಳು ಮಾಡಿದ. ಆ ಗಳಿಗೆಯಲ್ಲಿ ಹಳೆಯ ಪುಟ ಎಷ್ಟು ಫೋನುಗಳಲ್ಲಿ ತೆರೆದಿದೆ ಎಂಬ ಲೆಕ್ಕ ಅಲ್ಲಿತ್ತು. ಹೆಸರಿಲ್ಲ, ಊರಿಲ್ಲ, ಬರೀ ಅಂಕಿ. ನಲವತ್ತಮೂರು.

ಬಡಗಿ ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಪಕ್ಕದಲ್ಲಿ ಕೂತ. ಅವನ ಗೆಣ್ಣುಗಳ ಚರ್ಮ ಕಿತ್ತುಬಂದಿತ್ತು. ಊಟಕ್ಕೆ ಗಂಡಸರು ಮನೆಗೆ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಅಂಕಿ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಲವತ್ತೆರಡಾಯಿತು.

"ಈಗ ಹೋದವಳು ಸುಮ್ನೆ ಮುಚ್ಚಿದ್ಲಾ, ಗುಂಡಿ ಒತ್ತಿದ್ಲಾ?" ಬಡಗಿ ಕೇಳಿದ.

"ಗೊತ್ತಾಗಲ್ಲ."

ಇಬ್ಬರೂ ಇನ್ನಷ್ಟು ಮುಂದಕ್ಕೆ ಬಾಗಿ ಕೂತರು. ಅಂಕಿ ನಲವತ್ತೊಂದಾಯಿತು, ಅದರ ಬೆನ್ನಿಗೇ ನಲವತ್ತು.