ಹೊಂಡಕ್ಕೆ ಬಿಟ್ಟ ಜೀವ

ಬೇಸಿಗೆ ತರಬೇತಿಗೆಂದು ಸ್ನೇಹಲಳ ಗೆಳತಿಯರೆಲ್ಲ ಗುಂಪು ಕಟ್ಟಿಕೊಂಡು ದಾಂಡೇಲಿಯ ಕಾಡಿಗೆ ಹೋದರು. ಇವಳಿಗೆ ಮಾತ್ರ ಮನೆಯವರು ಅಷ್ಟು ದೂರ ಬೇಡವೆಂದರು. ಹೀಗಾಗಿ ಉಗಾರದ ಈ ಹುಡುಗಿ ಹತ್ತಿರದ ಅನಂತಪುರದ ಆಚೆ, ಬೋಳುಗುಡ್ಡದ ಮೇಲೆ ಹೊಸದಾಗಿ ಮಾಡಿದ ಉದ್ಯಾನಕ್ಕೆ ಬಂದು ಬಿದ್ದಳು. ಮಣ್ಣು, ನೀರು, ಗಿಡಗಳ ಸಂರಕ್ಷಣೆ ಕಲಿತು ಬರಲಿ ಎಂಬುದು ಕಾಲೇಜಿನವರ ಆಸೆ. ಬಿಸಿಲಿಗೆ ಹೆದರಿ ಒಂದು ನರಪಿಳ್ಳೆಯೂ ಸುಳಿಯದ ಆ ಜಾಗದಲ್ಲಿ ಅವಳು ಮೊದಲು ಕಲಿತದ್ದು ಒಬ್ಬಳೇ ಕೂತು ಉಣ್ಣುವುದನ್ನು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಹುಡುಗಿ. ಆಮೇಲಿನ ಸಂಜೆ ಉದ್ದವೋ ಉದ್ದ.

ಮಾತಿಗೆ ಸಿಗುತ್ತಿದ್ದವನು ದಿನಗೂಲಿಯ ಕಾವಲುಗಾರ ಮಾಳಸಿದ್ದ ಒಬ್ಬನೇ. ತನ್ನ ಎರಡು ಕುರಿಗಳನ್ನೂ ಜೊತೆಗೆ ತರುತ್ತಿದ್ದ. ಅವು ಉದ್ಯಾನದ ಹೊಂಡದಲ್ಲಿ ನೀರು ಕುಡಿಯುತ್ತಿದ್ದವು. ಬಂದ ದಿನವೇ ಅವಳನ್ನು ತಂಗಿ ಎಂದು ಕರೆದಿದ್ದ; ಅವಳಿಗೆ ಅವನು ಕಾಕಾ. ಸಂಜೆ ಅವಳ ಕೋಣೆಯ ಕಟ್ಟೆಗೆ ಬಂದು ಚಹಾ ಕುಡಿಯುತ್ತ ಊರಿನ ಸುದ್ದಿಯೆಲ್ಲ ಒದರುತ್ತಿದ್ದ. ಸ್ನೇಹಲ ಆ ಹರಟೆಗಾಗಿ ಮಧ್ಯಾಹ್ನದಿಂದಲೇ ಕಾಯುತ್ತಿದ್ದಳು.

ಕುಡಿಯುವ ನೀರು ಕೃಷ್ಣೆಯಿಂದ ಟ್ಯಾಂಕರಿನಲ್ಲಿ ಬರುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಅವಳ ಮನೆತನದ ರೂಢಿ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದು. ಅವನ್ನು ತೊಳೆದು, ಬಂದ ನೀರಿಗೇ ಮರಳಿ ಬಿಡಬೇಕು. ಅಜ್ಜಿ ಚಂದ್ರಮತಿ ಕಲಿಸಿದ್ದು ಹಾಗೆ. ಆದರೆ ಕೃಷ್ಣೆ ಎಲ್ಲಿ, ಈ ಗುಡ್ಡ ಎಲ್ಲಿ? ನೀರೆಲ್ಲ ಒಂದೇ ಎಂದುಕೊಂಡು ಸ್ನೇಹಲ ದಿನಾ ಹೊಂಡದ ಮೆಟ್ಟಿಲಲ್ಲಿ ಬಟ್ಟೆ ಜಾಲಾಡಿ ಬರುತ್ತಿದ್ದಳು. ಪುಣ್ಯ ಕಟ್ಟಿಕೊಂಡ ಸಮಾಧಾನ ಬೇರೆ.

ಮೇ ಕೊನೆಗೆ ಹೊಂಡದ ಮೇಲೆ ಹಸಿರು ಹರಡಿತು. ಸಾಸಿವೆಯಷ್ಟು ಸಣ್ಣ ಎಲೆಯ ಕಳೆ, ನೋಡನೋಡುತ್ತ ನೀರನ್ನೆಲ್ಲ ಮುಚ್ಚಿತು. ಮೀನು ಸತ್ತು ತೇಲಿದವು. ಮೇಲ್ವಿಚಾರಕ ಬಾಬಾಸಾಹೇಬರು ನೋಡಿ ಕೆಂಡವಾದರು. ಯಾವುದೋ ಕೆರೆಯಿಂದ ಕುರಿಗಳ ಕಾಲಿಗೆ ಅಂಟಿ ಬಂದಿದೆ, ಕಳೆ ತೆಗೆದು ಮುಗಿಸಿದ ಮೇಲೆ ಮಾಳಸಿದ್ದ ಕೆಲಸಕ್ಕೆ ಬರುವುದು ಬೇಡ ಎಂದರು. ಪಾಪ, ಅವನೂ ಅದನ್ನೇ ನಂಬಿಬಿಟ್ಟ.

ಕಳೆ ಮೊದಲು ಕಂಡದ್ದು ತಾನು ಸೋಸುವ ಬಟ್ಟೆ ತೊಳೆಯುವ ಮೆಟ್ಟಿಲ ಬಳಿ ಎಂಬುದು ಸ್ನೇಹಲಳಿಗೆ ನೆನಪಾಯಿತು. ಅಂದು ಸಂಜೆ ನೀರು ಸೋಸಿ ಬಟ್ಟೆಯನ್ನು ಬೆಳಕಿಗೆ ಹಿಡಿದರೆ, ಅದೇ ಹಸಿರು ಎಲೆ. ಹೇಳಿದರೆ ಕಾಲೇಜಿನಲ್ಲಿ ನಗೆಪಾಟಲು, ಪ್ರಮಾಣಪತ್ರಕ್ಕೂ ಕುತ್ತು. ಹೇಳದಿದ್ದರೆ ಕಾಕಾನ ಕೂಲಿ ಹೋಗುತ್ತದೆ. ನಾಳೆ ಹೇಳಿದರಾಯಿತು ಎಂದು ಮಲಗಿದಳು. ಮರುದಿನವೂ ನಾಳೆ ಎಂದಳು. ಮಾಳಸಿದ್ದ ಅಷ್ಟೂ ದಿನ ಸೊಂಟದ ತನಕ ನೀರಿಗಿಳಿದು ಕಳೆ ಬಾಚಿದ. ಒಂದು ಸಂಜೆ ಕಟ್ಟೆಯ ಮೇಲೆ ಕೂತು, ತನ್ನಿಂದ ಮೀನು ಸತ್ತವು ಎಂದು ಅತ್ತೇಬಿಟ್ಟ. ಅವಳು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

ಕೊನೆಗೆ ತಡೆಯಲಾರದೆ ಬಾಬಾಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಚೆನ್ನಾಗಿ ಬೈದರು. ಮಾಳಸಿದ್ದ ಇರಲಿ ಎಂದರು. ಸ್ನೇಹಲ ಓಡಿಹೋಗಿ ಹೊಂಡದ ದಡದಲ್ಲಿ ಅವನಿಗೆ ಎಲ್ಲ ತಿಳಿಸಿದಳು.

ಅವನು ಕೈಯ ಕೆಸರು ತೊಳೆದುಕೊಂಡ. "ನಾ ನಿನ್ನ ಮುಂದ ಕುಂತ ಅತ್ತಾಗ, ಇದು ನಿನಗ ಗೊತ್ತಿತ್ತೇನ ತಂಗಿ?"

"ಗೊತ್ತಿತ್ತ ಕಾಕಾ."

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಮರುದಿನ ಎಂದಿನಂತೆ ಕೆಲಸಕ್ಕೆ ಬಂದ, ಗಿಡಗಳಿಗೆ ನೀರು ಬಿಟ್ಟ. ಸಂಜೆ ಗೇಟಿನ ಬಳಿಯೇ ಕೂತ. ಸ್ನೇಹಲ ಚಹಾ ಮಾಡಿ ಕೂಗಿದಳು. ಅವನು ಎದ್ದು ನಿಂತು ಕೈ ಮುಗಿದ.

"ಬ್ಯಾಡ್ರಿ ಅಕ್ಕಾರ. ಮನಿಯಾಗ ಕುಡದ ಬಂದೇನ್ರಿ."

ಅಷ್ಟು ಮರ್ಯಾದೆಯಿಂದ ಅವನು ಅವಳೊಡನೆ ಹಿಂದೆಂದೂ ಮಾತಾಡಿರಲಿಲ್ಲ. ತರಬೇತಿ ಮುಗಿಯುವವರೆಗೂ ಹಾಗೆಯೇ ಮಾತಾಡಿದ.