ಮೆಷಿನ್ನಿನ ಹಣೆ

ಜಗದಾಂಬಾ ಆ ಕಲರ್ ಜೆರಾಕ್ಸ್ ಮೆಷಿನ್ ಆರಿಸಿದಷ್ಟು ಅಳೆದು ತೂಗಿ ಅವಳಪ್ಪ ಅವಳಿಗೆ ಗಂಡನ್ನೂ ಹುಡುಕಿರಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿದ್ದ ಗೃಹನಿರ್ಮಾಣ ಸಂಘದಲ್ಲಿ ಅವಳು ಗುಮಾಸ್ತೆ. ಸೇರಿದಾಗ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು, ಈಗ ಹೈಸ್ಕೂಲು. ತಾಯಿಯ ಕೆಲಸ ಮಾತ್ರ ಇನ್ನೂ ತಾತ್ಕಾಲಿಕವಾಗಿಯೇ ಇತ್ತು.

ಬಡಾವಣೆಯ ನಕ್ಷೆಯನ್ನು ಬಣ್ಣದಲ್ಲೇ ಕೊಡಿ, ಕಪ್ಪು ಬಿಳುಪಿನಲ್ಲಿ ಪಾರ್ಕ್ ಯಾವುದು ಸೈಟ್ ಯಾವುದು ಗೊತ್ತಾಗುವುದಿಲ್ಲ ಎಂದು ಸದಸ್ಯರು ಗಲಾಟೆ ಎಬ್ಬಿಸಿದಾಗ ಅಧ್ಯಕ್ಷ ಶಿವಯೋಗಪ್ಪನವರು ಅವಳನ್ನು ಕರೆದರು.

"ನೋಡಮ್ಮ, ಮೆಷಿನ್ ಆರಿಸೋದು, ನೋಡ್ಕೊಳ್ಳೋದು ಎರಡೂ ನಿಂದೇ. ಒಂದು ವರ್ಷ ಕಿರಿಕಿರಿ ಇಲ್ದೆ ಓಡ್ಲಿ. ನಿನ್ನ ಖಾಯಂ ಮಾಡ್ಸೋದು ನನ್ನ ಜವಾಬ್ದಾರಿ."

ಅಧ್ಯಕ್ಷರ ಅಕ್ಕನ ಮಗ ಮಧು ಅಂಥ ಮೆಷಿನ್ನುಗಳನ್ನೇ ಮಾರುತ್ತಿದ್ದ. ಮಿರಿಮಿರಿ ಮಿಂಚುವ ಕಾಗದಗಳನ್ನು ಮೇಜಿನ ಮೇಲೆ ಹರಡಿ, "ಅಕ್ಕಾ, ಕಣ್ಣು ಮುಚ್ಕೊಂಡು ತಗೊಳಿ" ಅಂದ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುವುದಾದರೆ ದೇವರು ಕಣ್ಣು ಕೊಟ್ಟದ್ದೇಕೆ? ಹೊಸ ಮೆಷಿನ್ ಎಲ್ಲವೂ ಚೆಂದವೇ, ವರ್ಷಗಟ್ಟಲೆ ದುಡಿದ ಮೆಷಿನ್ ನೋಡಬೇಕು ಎಂದು ಅವಳು ಬಸ್ಸು ಹತ್ತಿ ಭದ್ರಾವತಿಗೆ ಹೋದಳು. ನ್ಯೂ ಟೌನಿನಲ್ಲಿ ಗೋವಿಂದಯ್ಯನವರ ಜೆರಾಕ್ಸ್ ಅಂಗಡಿ ಇತ್ತು. ಅವರು ಬೆಂಚಿನ ಮೇಲೆ ಕೂರಿಸಿ ಕಾಫಿ ತರಿಸಿದರು.

"ದೊಡ್ಡದು ತಗೊಂಡ್ರೆ ಸಾಕೋಕಾಗಲ್ಲ ಕಣಮ್ಮ. ಸಣ್ಣದು ತಗೊಂಡ್ರೆ ನಿಮ್ಮ ಕೆಲಸಕ್ಕೆ ಸೊಂಟ ಮುರ್ಕೊಂಡು ಬೀಳುತ್ತೆ. ನಡುವಿಂದು ತಗೊಳಿ. ಫೋನ್ ಮಾಡಿದ್ರೆ ರಿಪೇರಿಯೋನು ಅವತ್ತೇ ಬರ್ತಾನಾ, ಅದನ್ನ ಕೇಳಿ. ಆಮೇಲೆ ಎಮ್ಮೆ ಸಾಕಿದ ಹಾಗೇ. ದಿನಾ ಕರೀಬೇಕು, ಚೊಕ್ಕವಾಗಿಡಬೇಕು."

ಅವರ ಅಂಗಡಿಯಲ್ಲಿದ್ದಂಥದೇ ಮೆಷಿನ್ ಯುಗಾದಿಯ ಹೊತ್ತಿಗೆ ಸಂಘಕ್ಕೆ ಬಂತು. ಜಗದಾಂಬಾ ಅದನ್ನು ಮಗುವಿನಂತೆ ನೋಡಿಕೊಂಡಳು. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿಯದಂತೆ ಬೀರುವಿನೊಳಗೆ ಬಲ್ಬು ಉರಿಸಿಟ್ಟಳು. ಕೆಲಸವಿಲ್ಲದ ದಿನವೂ ನಾಲ್ಕು ಪ್ರತಿ ತೆಗೆದಳು. ನಿರ್ದೇಶಕರೆಲ್ಲ ನೋಡಲು ಬಂದಾಗ ಹೆಮ್ಮೆಯಿಂದ ಮುಚ್ಚಳ ಎತ್ತಿ ಗಾಜು ತೋರಿಸಿದಳು. "ಇದೇ ಸರ್ ಇದರ ಮುಖ. ಇಲ್ಲಿಂದಲೇ ನೋಡೋದು. ಮುಖ ಚೊಕ್ಕ ಇದ್ರೆ ಎಲ್ಲಾ ಚೊಕ್ಕ."

ಆ ಒಂದು ಮಾತು ಆಡದೆ ಇದ್ದಿದ್ದರೆ!

ಆಯುಧಪೂಜೆಯ ದಿನ ಶಿವಯೋಗಪ್ಪನವರು ರೇಷ್ಮೆ ಮಗುಟ ಉಟ್ಟು ಬಂದರು. ಬೀರು, ಟೈಪ್‌ರೈಟರ್, ಕುರ್ಚಿ, ಬಾಗಿಲ ಬೀಗ, ಯಾವುದನ್ನೂ ಬಿಡದೆ ವಿಭೂತಿ ಹಚ್ಚಿದರು. ಮೆಷಿನ್ನಿನ ಮುಂದೆ ಬಂದು ನಿಂತು ಯೋಚಿಸಿದರು.

"ಇದರ ಮುಖ ಒಳಗಿದೆ ಅಂದಿದ್ಯಲ್ಲಮ್ಮ? ಮುಖ ಅಂದ್ಮೇಲೆ ಹಣೆ ಇರ್ಬೇಕಲ್ಲ. ಎತ್ತು ಮುಚ್ಚಳ."

ಗಾಜಿಗೆ ಏನೂ ತಾಗಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಪೂಜೆಯ ಹೊತ್ತಿನಲ್ಲಿ, ಊರಿನ ಹಿರಿಯರೆಲ್ಲ ಕೈಮುಗಿದು ನಿಂತಿರುವಾಗ, ಬೇಡ ಅನ್ನುವುದು ಹೇಗೆ? ಎತ್ತಿದಳು. ಅವರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಗಾಜಿನ ಉದ್ದಕ್ಕೂ ಎಳೆದು, ಕುಂಕುಮವಿಟ್ಟು, ಮೇಲಿಂದ ತೀರ್ಥ ಪ್ರೋಕ್ಷಣೆ ಮಾಡಿದರು. ಪ್ರೋಕ್ಷಣೆ ಅಂದರೆ ಹನಿಯಲ್ಲ, ಭಕ್ತಿ ಉಕ್ಕಿದವರ ಕೈ, ಬೊಗಸೆಯಷ್ಟು ನೀರು. ಎಲ್ಲರೂ ಮಂಡಕ್ಕಿ ಪ್ರಸಾದಕ್ಕೆ ಹೊರಟಾಗ ಅವಳು ಸೆರಗಿನಿಂದ ಗಾಜು ಒರೆಸಲು ಹೋದಳು.

"ಏಯ್, ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರ್ದು" ಎಂದು ಶಿವಯೋಗಪ್ಪನವರು ಗದರಿದರು. ನೀರು ಗಾಜಿನ ಅಂಚಿನ ಸಂದಿನಿಂದ ಒಳಗಿಳಿಯುವುದನ್ನು ನೋಡುತ್ತಾ ನಿಂತವಳು ಕೊನೆಗೆ ಮುಚ್ಚಳ ಹಾಕಿ ಮನೆಗೆ ಹೋದಳು.

ಮರುದಿನ ವಿಜಯದಶಮಿ. ಶುಭಕ್ಕೆಂದು ಮೊದಲ ಪ್ರತಿಯಾಗಿ ಸಂಘ ಕಟ್ಟಿದ ದಿವಂಗತ ವೀರಪ್ಪನವರ ಭಾವಚಿತ್ರ ಇಟ್ಟರು. ಹೊರಗೆ ಬಂದ ಕಾಗದದಲ್ಲಿ ವೀರಪ್ಪನವರ ಹಣೆಯಿಂದ ಕಿವಿಯಾಚೆಗೂ ಮೂರು ಪಟ್ಟಿ. "ನೋಡ್ರಪ್ಪ, ಎಂಥಾ ಸೋಜಿಗ!" ಎಂದು ಅಧ್ಯಕ್ಷರು ಕೈಮುಗಿದರು. ಎರಡನೆಯ ಪ್ರತಿ ಅರ್ಧ ಬರುವಷ್ಟರಲ್ಲಿ ಒಳಗೆ ಟಪ್ಪೆಂದಿತು, ಸುಟ್ಟ ವಾಸನೆ ಬಂತು, ಮೆಷಿನ್ ಮೌನವಾಯಿತು.

ರಿಪೇರಿಗೆ ಬಂದ ಚಂದ್ರು ಒಳಗೆ ಬಿಚ್ಚಿ ನೋಡಿ ಅವಳೊಬ್ಬಳಿಗೇ ಕೇಳುವಂತೆ ಹೇಳಿದ: "ನೀರು, ಬೂದಿ ಎರಡೂ ಬೋರ್ಡಿಗೆ ಇಳಿದಿದೆ ಮೇಡಂ. ಇದು ವಾರಂಟಿಗೆ ಬರಲ್ಲ."

ನಿರ್ದೇಶಕರ ಸಭೆಗೆ ಜಗದಾಂಬಾಳನ್ನು ಕರೆಸಿದರು. ಒಳಗೆ ಹೋಗುವ ಮೊದಲು ವೀರಪ್ಪನವರ ಹೆಂಡತಿ, ಈಗ ನಿರ್ದೇಶಕಿಯಾಗಿದ್ದ ಶಾಂತಮ್ಮ, ಅವಳಿಗೆ ಕೆಲಸ ಕೊಡಿಸಿದ್ದ ತಾಯಿಯಂಥವರು, ಕೈ ಹಿಡಿದು ಬದಿಗೆ ಕರೆದರು.

"ವಿಭೂತಿ ಹಚ್ಚಿದ್ದಕ್ಕೆ ಕೆಟ್ಟೋಯ್ತು ಅಂತ ಮಾತ್ರ ಅನ್ಬೇಡ ಮಾರಾಯ್ತಿ. ಅದು ನಿನ್ನ ಬಾಯಲ್ಲಿ ಬರಬಾರ್ದು."

ಒಳಗೆ ಶಿವಯೋಗಪ್ಪನವರೇ ಮೊದಲು ಮಾತೆತ್ತಿದರು. "ನೀರು ಹೋಗಿತ್ತಂತೆ ಅಂತ ಯಾರೋ ಅಂದ್ರು. ಶಿವಾ ಶಿವಾ! ವಿಭೂತಿ, ತೀರ್ಥದಿಂದ ಯಾವ ವಸ್ತುವಾದ್ರೂ ಕೆಟ್ಟಿದ್ದುಂಟಾ? ಮಾಲೇ ಸರಿ ಇರ್ಲಿಲ್ಲ. ಆರಿಸಿದೋಳು ನೀನು. ಏನಂತೀಯಮ್ಮ?"

ಮಾತು ಗಂಟಲವರೆಗೆ ಬಂತು. ಎದುರಿಗೆ ಶಾಂತಮ್ಮ ಕಣ್ಣಲ್ಲೇ ಬೇಡ ಅನ್ನುತ್ತಿದ್ದರು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಜಗದಾಂಬಾ ನುಂಗಿದಳು.

"ನನ್ನ ಆಯ್ಕೆ ತಪ್ಪಾಯ್ತು ಸರ್" ಅಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಮಾಡಿದವನು ಸಹಕಾರ ಸಂಘದಲ್ಲಿ ಕೆಲಸ ಮಾಡಿದವನೇ ಇರಬೇಕು. ಮಧುವಿನ ಮೆಷಿನ್ ಬಂತು. ಹಿಂದೆಯೇ ಅದನ್ನು ನೋಡಿಕೊಳ್ಳಲು ಮಧುವೂ ಬಂದ, ಖಾಯಂ ಆಗಿ. ಅವಳಿಗೆ ಹಳೇ ಮೇಜೇ ಉಳಿಯಿತು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಗಿತ್ತು. ನಿಜ ಗೊತ್ತಿದ್ದೂ ತಪ್ಪಾಯ್ತು ಅಂದ ನಾಲಿಗೆ ತನ್ನದೇ ಅಲ್ಲವೇ?

ಮತ್ತೆ ಆಯುಧಪೂಜೆ ಬಂತು. ಅದೇ ಮಗುಟ, ಅದೇ ಜನ. ವಿಭೂತಿಯ ತಟ್ಟೆ ಹಿಡಿಯುವ ಕೆಲಸ ಜಗದಾಂಬಾಳದು. ಬೀರು, ಕುರ್ಚಿ, ಬೀಗ ಮುಗಿಸಿ ಶಿವಯೋಗಪ್ಪನವರು ಹೊಸ ಮೆಷಿನ್ನಿನ ಎದುರು ನಿಂತರು. ಅವಳು ಕಾಯಲಿಲ್ಲ. ಒಂದು ಕೈಯಲ್ಲಿ ತಟ್ಟೆ ಮುಂದೆ ಹಿಡಿದು, ಇನ್ನೊಂದು ಕೈಯಿಂದ ತಾನೇ ಮುಚ್ಚಳ ಎತ್ತಿದಳು.

"ಹಚ್ಚಿ ಸರ್. ಹಣೆ ಇಲ್ಲಿದೆ."

ಶಿವಯೋಗಪ್ಪನವರ ಮೂರು ಬೆರಳು ಗಾಳಿಯಲ್ಲೇ ನಿಂತವು. ಬಳಿಕ ಅವರು ಬೆರಳನ್ನು ಮೆಷಿನ್ನಿನ ಹೊರಮೈಗೆ, ಪ್ಲಾಸ್ಟಿಕ್ಕಿಗೆ, ಮೆಲ್ಲನೆ ಒತ್ತಿದರು.

"ಮುಚ್ಚಮ್ಮ, ಮುಚ್ಚು" ಅಂದರು. "ನಾಜೂಕು ವಸ್ತು ಅದು. ಒಳಗೆ ಹಚ್ಚಿದ್ರೆ ಕೆಟ್ಟೋಗುತ್ತೆ."

ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಶಾಂತಮ್ಮ ಕೂಡ. ಜಗದಾಂಬಾ ಮುಚ್ಚಳ ಹಾಕಿ, ಅದರ ಮೇಲೆ ಹೂವಿಟ್ಟಳು.