ಒಳಜೇಬು

"ತಲೆ ಸ್ವಲ್ಪ ಮೇಲೆ ಎತ್ತೇ, ಕತ್ತು ವಾಲ್ತಾ ಇದೆ," ಎಂದಳು ಚಿಕ್ಕಮ್ಮ, ಹಲ್ಲಿನ ಸಂದಿಯಲ್ಲಿ ಪಿನ್ನು ಕಚ್ಚಿಕೊಂಡೇ.

ಮಗಳು ಎರಡೂ ಅಂಗೈಯಲ್ಲಿ ಅಮ್ಮನ ತಲೆಯನ್ನು ಎತ್ತಿ ಹಿಡಿದಳು. ಇಷ್ಟು ಭಾರವಿದ್ದೀತು ಎಂದುಕೊಂಡಿರಲಿಲ್ಲ. ಚಿಕ್ಕಮ್ಮ ಸರಸರನೆ ಬಾಚಣಿಗೆ ಎಳೆಯುತ್ತಿದ್ದಳು. ಬದುಕಿದ್ದಷ್ಟು ದಿನ ಒಬ್ಬರ ಕೈಗೂ ತಲೆ ಕೊಡದ ಅಕ್ಕ ಕೊನೆಗೂ ಸಿಕ್ಕಿಬಿದ್ದಳಲ್ಲ ಎನ್ನುವ ಹಾಗಿತ್ತು ಆ ರಭಸ. ನಡುನಡುವೆ ಮಾತ್ರ ಬಾಚಣಿಗೆ ನಿಲ್ಲುತ್ತಿತ್ತು. ಆಗ ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಜನ ಬಂದು ಹೋಗಲೆಂದು ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಿದ್ದರು. ರಾತ್ರಿಯಿಂದ ಕೊರೆಯುತ್ತಿದ್ದ ಚಳಿ ನೆಲದ ಮೇಲೇ ಓಡಾಡುತ್ತಿತ್ತು. ಬೆಳಿಗ್ಗೆ ನಲ್ಲಿಗೆ ಕೈಯೊಡ್ಡಿದವರೆಲ್ಲ ಹಾ ಎಂದು ಹಿಂದಕ್ಕೆಳೆದುಕೊಂಡಿದ್ದರು.

"ನಮ್ಮ ಬೀದಿಯ ಹಲ್ಲಿಯಕ್ಕ ಹೋದಳು," ಎಂದಳು ಕುರ್ಚಿಯಲ್ಲಿ ಕುಳಿತಿದ್ದ ಎದುರುಮನೆಯಾಕೆ. "ನನ್ನ ಮೊಮ್ಮಗ ಸಾಕೋಕೆ ಅಂತ ಅವಳ ಅಂಗಡೀಲಿ ಒಂದು ಹಲ್ಲಿ ಕೊಳ್ಳೋಕೆ ಹೋದ್ರೆ ಹೆಣ್ಣು ಕೊಡೋರ ಹಾಗೆ ವಿಚಾರಣೆ ಮಾಡಿದ್ಲು. ಮನೇಲಿ ಯಾರ್ಯಾರಿದೀರ, ದೀಪ ಎಷ್ಟು ಹೊತ್ತು ಉರಿಸ್ತೀರ, ಊರಿಗೆ ಹೋದ್ರೆ ಯಾರು ನೋಡ್ಕೋತಾರೆ ಅಂತ. ಕೊನೆಗೆ ಕೊಡಲೇ ಇಲ್ಲ!"

"ಗೋಡೆ ಮೇಲೆ ಪುಕ್ಕಟೆ ಓಡಾಡೋ ಜೀವಕ್ಕೆ ಅಷ್ಟು ಸೇವೆ," ಚಿಕ್ಕಮ್ಮ ಪಿನ್ನು ಸಿಕ್ಕಿಸಿದಳು. "ಮನುಷ್ಯರಿಗೆ ಅದರಲ್ಲಿ ಕಾಲು ಭಾಗ ಮಾಡಿದ್ರೆ ಸಾಕಿತ್ತು."

ಇಬ್ಬರೂ ಸಣ್ಣಗೆ ನಕ್ಕರು. ಆಮೇಲೆ ನಕ್ಕಿದ್ದು ನೆನಪಾಗಿ ಸುಮ್ಮನಾದರು.

ಅಷ್ಟರಲ್ಲಿ ಬಿಳಿ ಹೂವಿನ ದೊಡ್ಡ ಗೊಂಚಲನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಡಿಯವನು ಬಂದ. ಸಾಕುಪ್ರಾಣಿ ಮಾರುವ ಅವನ ಅಂಗಡಿಯಲ್ಲಿ ಅಮ್ಮ ಗಾಜಿನ ತೊಟ್ಟಿ ತೊಳೆದು, ನೆಲ ಒರೆಸಿ, ಮೀನಿಗೆ ಊಟ ಹಾಕಿ ಅರ್ಧ ಆಯಸ್ಸು ಕಳೆದಿದ್ದಳು. ಹೂವನ್ನು ಅವಳ ಕಾಲ ಬಳಿ ಇಟ್ಟು, ಮಗಳ ಪಕ್ಕಕ್ಕೆ ಬಂದು ಪಿಸುದನಿಯಲ್ಲಿ ಹೇಳಿದ:

"ಅಂಗಡಿ ಮುಚ್ಚಿಬಿಟ್ಟೆ ಮಗಳೇ. ನನ್ನ ಮದುವೆಗೂ ಮುಚ್ಚಿರ್ಲಿಲ್ಲ. ನಿನ್ನೆ ಸಂಜೆ ಸುದ್ದಿ ಬಂದ ತಕ್ಷಣ ಬೋರ್ಡಿನ ದೀಪ, ಒಳಗಿನ ದೀಪ, ಎಲ್ಲಾ ಆರಿಸಿ ಮೇನ್ ಸ್ವಿಚ್ಚೇ ಇಳಿಸಿದೆ. ಅಕ್ಕ ಇಲ್ಲಿ ಹೀಗೆ ಮಲಗಿರುವಾಗ ಅಲ್ಲಿ ಒಂದು ದೀಪ ಉರಿದ್ರೂ ಅದು ಮರ್ಯಾದೆ ಅಲ್ಲ."

ಮಗಳು ತಟ್ಟನೆ ಅವನ ಕಡೆ ತಿರುಗಿದಳು.

"ಮೀನುಗಳು, ಅಂಕಲ್?"

"ಅದಕ್ಕೆ ಬ್ಯಾಟರಿ ಇದೆಯಲ್ಲ. ಮೀನು ಸತ್ರೆ ನಾನು ಸತ್ತ ಹಾಗೇ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಹಿಂದಿನ ರೂಮಲ್ಲಿ?"

"ಹಿಂದಿನ ರೂಮಲ್ಲಿ ಏನಿದೆ?" ಎಂದ. ಮರುಗಳಿಗೆ ಅವನ ಮುಖದ ಬಣ್ಣ ಇಳಿಯಿತು. "ಅಯ್ಯೋ. ಅಕ್ಕನ ಹಲ್ಲಿ ಪೆಟ್ಟಿಗೆ."

ಮಗಳು ಅವನನ್ನೇ ದಿಟ್ಟಿಸಿದಳು.

"ಅವು ಹೇಗೂ ಹೋಗೋ ಜೀವಗಳೇ, ಮಗಳೇ," ಅವನು ಮೆಲ್ಲಗೆ ಹೇಳಿದ. "ಎಲ್ಲಾ ಮುಗೀಲಿ. ಆಮೇಲೆ ಹೋಗಿ ನೋಡಿದ್ರಾಯ್ತು."

ಹೊರಗಿನಿಂದ ಸೋದರಮಾವ ಕೂಗಿದ: "ಅಂಗಡಿಯವರೇ, ಬನ್ನಿ ಇಲ್ಲಿ. ಹೊರೋಕೆ ಒಂದು ಹೆಗಲು ಕಡಿಮೆ ಇದೆ."

*

ಮೊದಲನೆಯದು ಮನೆಗೆ ಬಂದದ್ದು ಬಲ್ಬಿನ ಖಾಲಿ ಡಬ್ಬಿಯಲ್ಲಿ.

ಆಗ ಮಗಳಿನ್ನೂ ಎರಡು ಜಡೆಯ ಹುಡುಗಿ. ಡಬ್ಬಿಯಲ್ಲಿ ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಯಿದ್ದ ಒಂದು ಹಲ್ಲಿ, ಮುದುರಿದ ಕಾಗದದ ಹಾಗೆ ಬಿದ್ದಿತ್ತು. ಅಂಗಡಿಯಲ್ಲಿ ಮರಳ ಮೇಲೆ ಇಟ್ಟಿದ್ದರಂತೆ. ತಿಂಡಿಯ ಜೊತೆ ಮರಳೂ ಹೊಟ್ಟೆಗೆ ಹೋಗಿ ಕಟ್ಟಿಕೊಂಡಿತ್ತು. ಹಳೆ ಚರ್ಮ ಪೂರ್ತಿ ಕಳಚದೆ ಬೆರಳುಗಳಿಗೆ ದಾರ ಬಿಗಿದ ಹಾಗೆ ಸುತ್ತಿಕೊಂಡಿತ್ತು. ಕಸದ ಬುಟ್ಟಿಗೆ ಹಾಕು ಎಂದಿದ್ದ ಅಂಗಡಿಯವನು. ಅಮ್ಮ ಹಾಕಿರಲಿಲ್ಲ.

ಉಗುರುಬೆಚ್ಚನೆಯ ನೀರಲ್ಲಿ ಬಟ್ಟೆ ಅದ್ದಿ ಹೊದಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಆ ಚರ್ಮವನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಳು. "ನೋಡಿಲ್ಲಿ," ಎನ್ನುತ್ತಿದ್ದಳು, "ಗೋಡೆ ಹಲ್ಲಿಗೆ ರೆಪ್ಪೆ ಇರಲ್ಲ. ಇದಕ್ಕಿದೆ. ನೋವಾದ್ರೆ ಕಣ್ಣು ಮುಚ್ಚುತ್ತೆ." ಬಾಲ ದಪ್ಪಗಾದರೆ ಹೊಟ್ಟೆಗೆ ಹತ್ತುತ್ತಿದೆ ಎಂದು ಲೆಕ್ಕ. ಒಂದು ಗುಣವಾಗಿ ಅಂಗಡಿಯ ಮುಂದಿನ ಸಾಲಿಗೆ ಹೋದರೆ ಇನ್ನೊಂದು ಬರುತ್ತಿತ್ತು. ಯಾವುದಕ್ಕೂ ಹೆಸರಿಡುತ್ತಿರಲಿಲ್ಲ.

ಒಂದು ಸಂಜೆ ಹುಡುಗಿಗೆ ಜ್ವರ. ತರಕಾರಿ ಹೆಚ್ಚುತ್ತ ನೆಲದ ಮೇಲೆ ಕುಳಿತಿದ್ದ ಅಮ್ಮನ ತೊಡೆಯ ಮೇಲೆ ತಲೆಯಿಡಲು ಬಂದಳು. ಅಮ್ಮ ಚಾಕು ಹಿಡಿದ ಕೈಯನ್ನೇ ಅಡ್ಡ ತಂದು, "ತಡಿ, ತಡಿ, ಇಲ್ಲೊಂದಿದೆ," ಎಂದಳು. ಅವಳು ಮೊಣಕಾಲಿನ ಹತ್ತಿರ, ತುದಿಯಲ್ಲಿ ತಲೆಯಿಟ್ಟಳು.

ಅದನ್ನು ಅವಳು ಮರೆಯಲಿಲ್ಲ. ಮುಂದೆ ಹಲ್ಲಿಯೆಂದರೆ ಹೇಸಿಗೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು; ಅಮ್ಮ ಅವುಗಳನ್ನು ಅಂಗಡಿಯ ಹಿಂದಿನ ರೂಮಿಗೆ ಸಾಗಿಸಿದಳು. ನಿಜವಾಗಿ ಅದು ಹೇಸಿಗೆಯಾಗಿರಲಿಲ್ಲ. ಅದಕ್ಕಿಂತ ಒಳ್ಳೆಯ ಶಬ್ದ ಅವಳಿಗೆ ಸಿಕ್ಕಿರಲಿಲ್ಲ, ಅಷ್ಟೆ.

*

ಅಂಗಡಿಯವನ ಕೈಯಿಂದ ಬೀಗದಕೈ ತೆಗೆದುಕೊಳ್ಳುವುದು ಹೆಚ್ಚು ಕಷ್ಟವಾಗಲಿಲ್ಲ. ಅವನಿಗೂ ಒಳಗೇ ಚುಚ್ಚುತ್ತಿತ್ತು. "ಅಕ್ಕನ್ನ ಒಯ್ಯೋ ಗಾಡಿ ಈಗ ಬಂದುಬಿಡುತ್ತೆ ಮಗಳೇ," ಎಂದಷ್ಟೇ ಗೊಣಗಿದ.

ಅಂಗಡಿ ಎರಡು ಬೀದಿ ಆಚೆ. ಸ್ವಿಚ್ ಮೇಲೆತ್ತಿ ಓಡಿಬಂದರಾಯಿತು, ಯಾರ ಗಮನಕ್ಕೂ ಬರುವುದಿಲ್ಲ ಎಂದುಕೊಂಡು ಅವಳು ಅಡುಗೆಮನೆಯ ಹಿಂಬಾಗಿಲ ಚಿಲಕ ತೆಗೆದಳು.

"ಎಲ್ಲಿಗೆ?"

ಚಿಕ್ಕಮ್ಮ ಬೆನ್ನ ಹಿಂದೆಯೇ ಇದ್ದಳು.

"ಅಂಗಡಿಗೆ."

"ಯಾವ ಅಂಗಡಿಗೆ?"

ಚಿಕ್ಕಮ್ಮನ ಕಣ್ಣು ಅವಳ ಮುಷ್ಟಿಯಲ್ಲಿದ್ದ ಬೀಗದಕೈ ಮೇಲೆ ಬಿತ್ತು.

"ಹುಚ್ಚೇನೇ ನಿನಗೆ? ಹೆತ್ತವಳು ನಡುಮನೇಲಿ ಮಲಗಿದಾಳೆ. ಇರೋಳು ನೀನೊಬ್ಬಳು ಮಗಳು. ಗಾಡಿ ಬಂದಾಗ ನೀನಿಲ್ಲ ಅಂದ್ರೆ ಜನ ಏನಂತಾರೆ? ಹಲ್ಲಿ ನೋಡೋಕೆ ಹೋದ್ಲು ಅಂತ ಹೇಳ್ಲಾ ನಾನು?"

"ನಿನ್ನೆ ಸಂಜೆಯಿಂದ ಬಿಸಿ ಕೊಡೋ ದೀಪ ಉರೀತಿಲ್ಲ ಚಿಕ್ಕಮ್ಮ ಅವಕ್ಕೆ. ಈ ಚಳಿ ನೋಡಿದ್ಯಲ್ಲ. ಸಾಯ್ತವೆ."

"ಸತ್ರೆ ಸಾಯ್ಲಿ! ನಿಂಗೇನಾಗ್ಬೇಕು ಅವು? ಅವಳಿದ್ದಾಗ ಆ ಕಡೆ ತಿರುಗಿ ನೋಡಿದವಳಲ್ಲ ನೀನು. ಅವಳೇನು ನಿನಗೆ ವಹಿಸಿ ಹೋದಳಾ?"

"ಇಲ್ಲ," ಎಂದಳು ಮಗಳು. "ನನಗೆ ಹೇಳಲಿಲ್ಲ."

ಚಿಕ್ಕಮ್ಮ ಹೆಣ್ಣು ನೋಡಲು ಬಂದವರ ಹಾಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಮುಖ ತಿರುಗಿಸಿದಳು.

"ಗಾಡಿ ಯಾರಿಗೋಸ್ಕರವೂ ನಿಲ್ಲಲ್ಲ. ತಿಳ್ಕೋ."

*

ಆಸ್ಪತ್ರೆಯಲ್ಲಿ, ಇನ್ನೂ ಮಾತಿದ್ದ ದಿನಗಳಲ್ಲಿ, ಅಂಗಡಿಯವನು ನೋಡಲು ಬಂದಿದ್ದ. ಮಗಳು ಹಾಸಿಗೆಯ ಈಚೆ ಮಗ್ಗುಲಲ್ಲಿ ಕಿತ್ತಳೆ ಸುಲಿಯುತ್ತ ಕುಳಿತಿದ್ದಳು. ಅಮ್ಮ ಅವಳ ಕಡೆ ಬೆನ್ನು ಮಾಡಿ ಆಚೆ ಹೊರಳಿ, ಅವನಿಗೆ ಒಂದೊಂದಾಗಿ ಹೇಳಿದಳು.

"ಮೂರಿವೆ. ದೊಡ್ಡದು ತಾನಾಗೇ ತಿನ್ನುತ್ತೆ. ಕುಂಟನಿಗೆ ಹುಳಕ್ಕೆ ಆ ಬಿಳಿ ಪುಡಿ ಹಚ್ಚಿ ಕೊಡು, ಮೂಳೆ ಮೆತ್ತಗಿದೆ. ಚಿಕ್ಕದೇ ಕಷ್ಟ. ಮುಂಗಾಲಲ್ಲಿ ಎರಡು ಬೆರಳು ಉದುರಿಹೋಗಿವೆ, ಮೂರೇ ಇರೋದು. ತುಟಿಗೆ ನೀರು ಹಚ್ಚಿದ್ರೆ ನೆಕ್ಕುತ್ತೆ. ರಾತ್ರಿ ಮೇನ್ ಇಳಿಸ್ಬೇಡ ಮಾರಾಯ, ನಾ ಬರೋ ತನಕ."

"ಇಳಿಸಲ್ಲ ಅಕ್ಕ. ಆಣೆ."

ಅವನು ಹೋದ ಮೇಲೆ ಮಗಳು ಕೇಳಿದಳು: "ನನಗೆ ಯಾಕೆ ಹೇಳ್ಲಿಲ್ಲಮ್ಮ?"

"ನಿಂಗೆ ಯಾಕೆ ಪಾಪ," ಎಂದಳು ಅಮ್ಮ ಕಣ್ಣು ಮುಚ್ಚಿ. "ನಿಂಗೆ ಆಗಿಬರಲ್ಲ."

ಕಿತ್ತಳೆಯ ತೊಳೆಗಳು ಮಗಳ ಕೈಯಲ್ಲೇ ಉಳಿದವು.

*

ಅಂಗಡಿಯ ಷಟರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಅವಳು ಬಗ್ಗಿ ಒಳಗೆ ನುಸುಳಿದಳು. ಕತ್ತಲಲ್ಲಿ ಮೀನಿನ ತೊಟ್ಟಿಗಳು ಮಾತ್ರ ಗುಳುಗುಳು ಎನ್ನುತ್ತಿದ್ದವು. ಮೊಬೈಲಿನ ಬೆಳಕಲ್ಲಿ ಖಾಲಿ ಪಂಜರ, ನಾಯಿಗಳ ಕೊರಳಪಟ್ಟಿ, ಹಕ್ಕಿಕಾಳಿನ ಚೀಲಗಳನ್ನು ದಾಟಿ ಹಿಂದಿನ ರೂಮಿಗೆ ಬಂದಳು.

ಗಾಜಿನ ಪೆಟ್ಟಿಗೆ ಮೇಜಿನ ಮೇಲಿತ್ತು. ಒಳಗೆ ನ್ಯೂಸ್‌ಪೇಪರು ಹಾಸಿ, ಒಡೆದ ಕಪ್ಪೊಂದನ್ನು ಗುಹೆಯ ಹಾಗೆ ಮಗುಚಿಟ್ಟಿತ್ತು. ಗಾಜು ಮುಟ್ಟಿದಳು. ಐಸಿನ ಹಾಗಿತ್ತು. ಮೂರೂ ಹಲ್ಲಿಗಳು ಕಪ್ಪಿನ ಬಳಿ ಒಂದರ ಮೇಲೊಂದು ಬಿದ್ದಿದ್ದವು. ಯಾವುದೂ ಅಲುಗಲಿಲ್ಲ.

ಗೋಡೆಯಲ್ಲಿದ್ದ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಲ್ಲಿ ಮೇಲೆ ತಳ್ಳಿದಳು. ಛಟ್ ಎಂದು ನೀಲಿ ಕಿಡಿ ಹಾರಿತು. ರಬ್ಬರು ಸುಟ್ಟ ವಾಸನೆ ಬಂತು. ಹಿಡಿ ತಾನಾಗಿ ಕೆಳಗೆ ಬಿತ್ತು. ಮತ್ತೆ ತಳ್ಳಿದಳು. ಈ ಸಲ ಕಿಡಿಯೂ ಇಲ್ಲ.

ಬೀದಿಯಲ್ಲಿ ದೂರದಲ್ಲೆಲ್ಲೋ ಒಂದು ಹಾರನ್ ಕೇಳಿಸಿತು. ಗಾಡಿ ಬಂದಿರಬೇಕು. ಈಗ ಓಡಿದರೆ ಸಿಗುತ್ತದೆ. ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗೋಣವೆಂದರೆ ಅದು ಎರಡಾಳಿನ ಭಾರ. ಇಲ್ಲೇ ಬಿಟ್ಟರೆ, ಎಲ್ಲ ಮುಗಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಬೆಳಕು ಆಡಿಸಿದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಅಮ್ಮನ ಬೂದುಬಣ್ಣದ ಸ್ವೆಟರು ನೇತಾಡುತ್ತಿತ್ತು, ಆಸ್ಪತ್ರೆಗೆ ಹೋದ ದಿನ ಬಿಟ್ಟುಹೋದದ್ದು.

ಆ ಸ್ವೆಟರಿನ ಒಳಮಗ್ಗುಲಲ್ಲಿ, ಹೊಟ್ಟೆಯ ಜಾಗದಲ್ಲಿ, ಮೆತ್ತನೆಯ ಬಟ್ಟೆಯ ಜೇಬೊಂದು ಹೊಲಿದಿರುವುದನ್ನು ಅವಳು ಒಗೆಯುವಾಗ ಎಷ್ಟೋ ಸಲ ನೋಡಿದ್ದಳು. ಕರವಸ್ತ್ರಕ್ಕೆ ಇರಬೇಕೆಂದುಕೊಂಡಿದ್ದಳು. ಕರವಸ್ತ್ರದ ಜೇಬಿನ ಬಾಯಿಗೆ ಯಾರೂ ಅಷ್ಟು ಸಡಿಲವಾಗಿ ದಾರ ಪೋಣಿಸುವುದಿಲ್ಲ, ಅಷ್ಟು ಸಣ್ಣ ಸಣ್ಣ ಉಸಿರಾಟದ ತೂತು ಬಿಡುವುದಿಲ್ಲ ಎನ್ನುವುದು ಈಗ ಕಾಣಿಸಿತು.

ಅವಳು ಸ್ವೆಟರು ಹಾಕಿಕೊಂಡಳು. ಹಲ್ಲಿಗಳಿಗೆ ತಿನ್ನಿಸುವ ಹಿಟ್ಟಿನ ಹುಳಗಳನ್ನು ಸಾಕುವ ತೌಡಿನ ವಾಸನೆ ಗಪ್ಪೆಂದು ಹೊಡೆಯಿತು. ಇಷ್ಟು ವರ್ಷ ಅಮ್ಮನ ಮೈಯ ವಾಸನೆ ಎಂದು ಅವಳು ಅಂದುಕೊಂಡಿದ್ದದ್ದು ಇದೇ.

ಕೈ ಪೆಟ್ಟಿಗೆಯೊಳಗೆ ಹೋಗಿ ಅರ್ಧದಲ್ಲಿ ನಿಂತಿತು. ಜೀವಮಾನದಲ್ಲಿ ಒಂದನ್ನೂ ಮುಟ್ಟಿದವಳಲ್ಲ. ಹಲ್ಲು ಕಚ್ಚಿ ದೊಡ್ಡದನ್ನು ಎತ್ತಿದಳು, ಆಮೇಲೆ ಕುಂಟನನ್ನು. ಲೋಳೆ ಇರುತ್ತದೆ ಎಂದುಕೊಂಡಿದ್ದಳು. ಇರಲಿಲ್ಲ, ಒಣಗಿದ ಹೂವಿನೆಸಳ ಹಾಗೆ ಇದ್ದವು. ಚಿಕ್ಕದು ಕೈಗೆ ಸಿಕ್ಕಿತೋ ಇಲ್ಲವೋ ತಿಳಿಯದಷ್ಟು ಹಗುರ. ಅದರ ಕಣ್ಣು ಮುಚ್ಚಿತ್ತು. ಮೂರನ್ನೂ ಜೇಬಿಗೆ ಇಳಿಸಿ, ದಾರ ಎಳೆದು, ಸ್ವೆಟರಿನ ಗುಂಡಿ ಹಾಕಿ ಮೇಲೆ ಅಂಗೈಯಿಟ್ಟುಕೊಂಡಳು. ಅಲ್ಲಿಂದ ಹೊಟ್ಟೆಗೆ ಚಳಿ ಇಳಿಯಿತು.

ಮತ್ತೆ ಹಾರನ್. ಈ ಸಲ ಷಟರಿನ ಆಚೆಯೇ.

ಬಗ್ಗಿ ಹೊರಬಂದರೆ, ಉದ್ದನೆಯ ಕಪ್ಪು ಗಾಡಿ ಅಂಗಡಿಯ ಮುಂದೆ ನಿಂತಿತ್ತು. ಹಿಂದೆ ನೆಂಟರ ಕಾರುಗಳ ಸಾಲು.

"ಇದು ದಾರಿಯೇ ಅಲ್ಲಮ್ಮ," ಡ್ರೈವರ್ ಗೊಣಗುತ್ತಿದ್ದ. ಅವನ ಪಕ್ಕದಲ್ಲಿ ಸೋದರಮಾವ ಮುಖ ಗಂಟಿಕ್ಕಿಕೊಂಡು ಕುಳಿತಿದ್ದ. ಹಿಂದುಗಡೆ, ಶವಪೆಟ್ಟಿಗೆಯ ಪಕ್ಕದ ಸೀಟಿನಿಂದ ಚಿಕ್ಕಮ್ಮ ಬಾಗಿಲು ತಳ್ಳಿ ಹಿಡಿದಿದ್ದಳು.

"ಅವಳು ದಿನಾ ನಡೆದು ಬರ್ತಿದ್ದ ಬೀದಿ, ಕೊನೇ ಸಲ ಈ ಕಡೆಯಿಂದಾನೇ ಹೋಗ್ಲಿ ಅಂದೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದವಳು, ಮಗಳ ಮೈಮೇಲಿದ್ದ ಸ್ವೆಟರು ಕಂಡು ಮಾತು ನಿಲ್ಲಿಸಿದಳು. ಆಮೇಲೆ ದನಿ ತಗ್ಗಿಸಿ, "ಹತ್ತು ಬೇಗ. ಆ ಪೆಚ್ಚು ಮುಖ ಮಾಡ್ಕೊಂಡು ನಿಂತ್ಕೋಬೇಡ."

*

ಗಾಡಿಯೊಳಗೆ ಅವಳ ಒಂದು ಮೊಣಕಾಲು ಅಮ್ಮ ಮಲಗಿದ್ದ ಮರದ ಪೆಟ್ಟಿಗೆಗೆ ತಾಗುತ್ತಿತ್ತು. ಪ್ರತಿ ಹಳ್ಳಕ್ಕೂ ಅವಳು ಎರಡೂ ತೋಳು ಹೊಟ್ಟೆಗೆ ಸುತ್ತಿ ಹಿಡಿಯುತ್ತಿದ್ದಳು.

"ಬದುಕಿವೆಯಾ?" ಚಿಕ್ಕಮ್ಮ ಕಿಟಕಿಯ ಆಚೆ ನೋಡುತ್ತ ಕೇಳಿದಳು.

"ಗೊತ್ತಿಲ್ಲ."

ಚಿಕ್ಕಮ್ಮ ತನ್ನ ಶಾಲು ತೆಗೆದು ಅವಳ ತೋಳುಗಳ ಮೇಲೆ ಹಾಕಿದಳು. "ನನ್ನ ಕಡೆ ಬಂದ್ರೆ ಮಾತ್ರ ಗಾಡಿಯಿಂದ ಹಾರ್ತೀನಿ, ಹೇಳಿರ್ತೀನಿ," ಎಂದಳು.

ಸ್ಮಶಾನದ ಗೇಟಿನ ಹತ್ತಿರ ಬರುವಾಗ ಜೇಬಿನಲ್ಲಿ ಏನೋ ಹೊರಳಿತು. ದೊಡ್ಡದು. ಇಳಿಯುವಾಗ ಇನ್ನೊಂದು ಕಡೆ ಸಣ್ಣಗೆ ಗೀರಿದ ಹಾಗಾಯಿತು; ಕುಂಟ ಕಾಲೆಳೆಯುತ್ತಿರಬೇಕು. ಅವಳು ಮೂರನೆಯದಕ್ಕೆ ಕಾದಳು. ಬರಲಿಲ್ಲ.

ಅಂಗಡಿಯವನೂ ಮಾವನೂ ಇನ್ನಿಬ್ಬರೂ ಹೊತ್ತರು. ಅವಳು ಹಿಂದೆ ನಡೆದಳು. ಎದುರುಮನೆಯಾಕೆ ಅಳುತ್ತ ತಬ್ಬಿಕೊಳ್ಳಲು ಬಂದಾಗ ಮಗಳು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಚಿಕ್ಕಮ್ಮ ನಡುವೆ ನುಗ್ಗಿ, "ಅವಳಿಗೆ ಹೊಟ್ಟೆನೋವು, ಮುಟ್ಟಬೇಡಿ," ಎಂದು ಆಕೆಯನ್ನು ತಾನೇ ತಬ್ಬಿಕೊಂಡಳು.

ಪೆಟ್ಟಿಗೆ ಹಗ್ಗದಲ್ಲಿ ಮೆಲ್ಲಗೆ ಕೆಳಗಿಳಿಯಿತು. ಹಗ್ಗ ಸಡಿಲವಾಯಿತು. ಎಲ್ಲರೂ ಅವಳಿಗೆ ದಾರಿಬಿಟ್ಟು ನಿಂತರು.

ಅವಳು ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದುಕೊಂಡಳು. ಎಡಗೈ ಶಾಲಿನ ಮರೆಯಲ್ಲಿ, ಸ್ವೆಟರಿನ ಒಳಗೆ, ಜೇಬಿನ ತಳದಲ್ಲಿತ್ತು. ಬೆರಳ ತುದಿಗೆ ಚಿಕ್ಕದು ಸಿಕ್ಕಿತ್ತು. ಹಾಗೇ ಇತ್ತು, ಮೊದಲಿನ ಹಾಗೇ, ಒಣ ಎಲೆಯ ಹಾಗೆ.

"ಎರಡೂ ಕೈ ಸೇರಿಸಿ ಹಾಕಮ್ಮ," ಮಾವ ಬೇಸರದಿಂದ ಹೇಳಿದ. "ಒಂದೇ ಕೈಯಲ್ಲಿ ಹಾಕೋದು ಚಂದ ಅಲ್ಲ."

"ಒಂದೇ ಕೈಯಲ್ಲಿ ಹಾಕ್ತಾಳೆ ಬಿಡು," ಎಂದಳು ಚಿಕ್ಕಮ್ಮ. "ಇನ್ನೊಂದು ಕೈಗೆ ಕೆಲಸ ಇದೆ."

ಮಣ್ಣು ಬೆರಳ ಸಂದಿಯಿಂದ ಜಾರಿ ಮರದ ಮೇಲೆ ಬಿದ್ದು ಸದ್ದಾಯಿತು. ಅವಳು ಬಲಗೈ ಬಿಚ್ಚಿ ಉಳಿದದ್ದನ್ನೂ ಬಿಟ್ಟಳು. ಆಗ ಎಡಗೈಯ ತೋರುಬೆರಳಿನ ಸುತ್ತ, ನಿಧಾನವಾಗಿ, ಒಂದಾದ ಮೇಲೆ ಒಂದರಂತೆ, ಮೂರು ಪುಟ್ಟ ಬೆರಳುಗಳು ಮಡಚಿಕೊಂಡು ಹಿಡಿದವು.